ಅಂಗಿಯ ಗಡಿಯೊಳಗೆ ಹಚ್ಚೆ: ಆಡಿಟ್ ವೃತ್ತಿಯಲ್ಲಿ ನನ್ನ ಅನುಭವ

ಎರಡೂ ತೋಳುಗಳಿಗೆ ಭುಜದಿಂದ ಮುಂಗೈವರೆಗೆ ಹಚ್ಚೆ ಹಾಕಿಸಿಕೊಂಡೂ ಲೆಕ್ಕಪರಿಶೋಧನಾ ಸಂಸ್ಥೆಯೊಂದರಲ್ಲಿ ಪಾಲುದಾರರ ಹಂತಕ್ಕೆ ಏರಬಹುದು ಎಂದು ನಾನು ಹೇಳುತ್ತಿದ್ದಾಗ ಒಪ್ಪಿದವರು ಬಹಳ ಕಡಿಮೆ. ಒಂದಲ್ಲ ಒಂದು ದಿನ ಅಂಗಿಯ ತೋಳು ಮೇಲೆ ಸರಿಯುತ್ತದೆ, ಅಲ್ಲಿಗೆ ಎಲ್ಲವೂ ಮುಗಿಯುತ್ತದೆ ಎಂದು ಜೊತೆಯಲ್ಲಿ ಕೆಲಸ ಮಾಡುವವರು ಎಚ್ಚರಿಸಿದರು. ಹಚ್ಚೆ ಕಲಾವಿದರ ತಕರಾರು ಬೇರೆಯೇ ಇತ್ತು: ಮಣಿಕಟ್ಟಿಗಿಂತ ಅಷ್ಟು ಮೇಲೆ ಚಿತ್ರವನ್ನು ನಿಲ್ಲಿಸಿದರೆ ನೋಡುವವರಿಗೆ ಅರ್ಧಕ್ಕೆ ಬಿಟ್ಟ ಕೆಲಸವೆಂದು ತೋರುತ್ತದೆ ಎಂಬುದು ಅವರ ವಾದ. ಹತ್ತು ಹನ್ನೆರಡು ವರ್ಷಗಳ ನಂತರ ಈಗ ಚಿತ್ರವೂ ಪೂರ್ಣವಾಗಿದೆ, ಪಾಲುದಾರಿಕೆಯ ಪತ್ರಕ್ಕೆ ಸಹಿಯೂ ಬಿದ್ದಿದೆ. ಹಚ್ಚೆಯ ಆರೈಕೆ, ಶಾಯಿ, ಸೂಜಿ ಇವೆಲ್ಲ ಓದುಗರಿಗೆ ಗೊತ್ತೆಂದು ಭಾವಿಸಿ, ವೃತ್ತಿಯ ಕಣ್ಣಿಗೆ ಬೀಳದಂತೆ ಅದನ್ನು ಹೇಗೆ ಸಾಧಿಸಿದೆ ಎಂಬುದನ್ನಷ್ಟೇ ಬರೆಯುತ್ತೇನೆ.

ನಾನು ಮೊದಲು ಮಾಡಿದ ಕೆಲಸ ಸಂಸ್ಥೆಯ ಉಡುಪಿನ ನಿಯಮವನ್ನು ಅಕ್ಷರ ಬಿಡದೆ ಓದಿದ್ದು. ಅಲ್ಲಿದ್ದ ನಿರ್ಬಂಧ ಕಣ್ಣಿಗೆ ಕಾಣುವ ಹಚ್ಚೆಗೆ ಮಾತ್ರ ಸಂಬಂಧಿಸಿತ್ತು. ಬಟ್ಟೆಯ ಅಡಿಯ ಚರ್ಮದ ಬಗ್ಗೆ ಒಂದು ಸಾಲೂ ಇರಲಿಲ್ಲ. ಬಹುತೇಕ ಸಂಪ್ರದಾಯಸ್ಥ ವೃತ್ತಿಗಳ ನಿಯಮಗಳು ಹೀಗೆಯೇ ಇರುತ್ತವೆ. ಮುಂದೆ 2022ರಲ್ಲಿ ಅಮೆರಿಕದ ಸೇನೆ ತನ್ನ ನಿಯಮವನ್ನು ಸಡಿಲಿಸಿದಾಗಲೂ ಪ್ರತಿ ಕೈಗೆ ಒಂದು ಅಂಗುಲದೊಳಗಿನ ಒಂದು ಹಚ್ಚೆ, ಕತ್ತಿನ ಹಿಂಬದಿಗೆ ಎರಡು ಅಂಗುಲದೊಳಗಿನ ಒಂದು ಹಚ್ಚೆ ಎಂದು ಅಳತೆಯಲ್ಲೇ ಹೇಳಿತು. ನಿಯಮ ಮಾಡುವವರು ಅಳತೆಪಟ್ಟಿ ಹಿಡಿದು ಯೋಚಿಸುತ್ತಾರೆ ಎಂದಾದರೆ ನಾವೂ ಅಳತೆಪಟ್ಟಿ ಹಿಡಿದೇ ಹಚ್ಚೆ ಹಾಕಿಸಿಕೊಳ್ಳಬೇಕು ಎಂಬುದು ಸಂಸ್ಥೆಯ ನಿಯಮ ಓದಿದ ದಿನವೇ ನನಗೆ ಸ್ಪಷ್ಟವಾಗಿತ್ತು. ಆದರೆ ಆ ದಾರಿ ಹಿಡಿಯುವ ಮೊದಲು ಎಲ್ಲರೂ ಸೂಚಿಸುವ ಮರೆಮಾಚುವ ಉಪಾಯಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅವುಗಳಿಗೆ ಸಾಕಷ್ಟು ಹಣ ಸುರಿದೆ.

ವಿದ್ಯಾರ್ಥಿ ದಿನಗಳಲ್ಲಿ ಎಡ ಮಣಿಕಟ್ಟಿನ ಒಳಬದಿಗೆ ಹಾಕಿಸಿದ್ದ, ಹೆಬ್ಬೆರಳ ಗಾತ್ರದ ಕಪ್ಪು ಹಚ್ಚೆಯೊಂದು ನನಗಿತ್ತು. ಕೆಲಸಕ್ಕೆ ಸೇರಿದ ಮೇಲೆ ಸುಮಾರು ಒಂದೂವರೆ ವರ್ಷ ಅದನ್ನು ಮೇಕಪ್ಪಿನಿಂದ ಮುಚ್ಚಿದೆ. ಕಪ್ಪು ಶಾಯಿ ಚರ್ಮದೊಳಗಿನಿಂದ ನೀಲಿಯಾಗಿ ಕಾಣುವುದರಿಂದ ಮೊದಲು ಕಿತ್ತಳೆ ಬಣ್ಣದ ಕರೆಕ್ಟರ್, ಅದರ ಮೇಲೆ ಚರ್ಮದ ಬಣ್ಣದ ಎರಡು ಲೇಪ, ನಡುನಡುವೆ ಪೌಡರ್, ಕೊನೆಗೆ ಸೆಟ್ಟಿಂಗ್ ಸ್ಪ್ರೇ ಎಂದು ಪ್ರತಿದಿನ ಬೆಳಿಗ್ಗೆ ಇಪ್ಪತ್ತೈದು ಮೂವತ್ತು ನಿಮಿಷ ಹೋಗುತ್ತಿತ್ತು. ಮುಂಗೈಯ ಒಳಬದಿಯ ಚರ್ಮ ಹೊರಬದಿಗಿಂತ ಒಂದೆರಡು ಛಾಯೆ ತಿಳಿಯಾಗಿರುತ್ತದೆ. ಹೊರಬದಿಗೆ ಹೊಂದುವ ಬಣ್ಣ ಒಳಬದಿಯಲ್ಲಿ ಕೊಳೆಯಂತೆ ಕಾಣುತ್ತದೆ. ಕಚೇರಿಯ ಬಿಳಿ ದೀಪದ ಕೆಳಗೆ ಇಡೀ ತೇಪೆ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬೆವರಿನೊಂದಿಗೆ ಅಂಗಿಯ ಕಫ್ಫಿನ ಒಳಗೆ ಕಿತ್ತಳೆ ಗೆರೆ ಮೂಡುತ್ತಿತ್ತು, ಆ ಕಲೆ ಎರಡು ಸಲ ಒಗೆದರೂ ಬಿಡುತ್ತಿರಲಿಲ್ಲ. ಮೇಕಪ್ಪಿಗೂ ಹಾಳಾದ ಅಂಗಿಗಳಿಗೂ ಸೇರಿ ವರ್ಷಕ್ಕೆ ಸುಮಾರು ಅರ್ಧ ತಿಂಗಳ ಸಂಬಳ ಖರ್ಚಾಗಿರಬಹುದು. ಛಾಯಾಚಿತ್ರಕ್ಕೋ ಒಂದು ಗಂಟೆಯ ಸಂದರ್ಶನಕ್ಕೋ ಮೇಕಪ್ ಸಾಕು. ದಿನನಿತ್ಯದ ಕಚೇರಿಗೆ ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಸರಿ.

ಚರ್ಮದ ಬಣ್ಣದ ಬಿಗಿ ತೋಳುಚೀಲವನ್ನೂ ಕೆಲವು ವಾರ ತೊಟ್ಟೆ. ಅದು ಗಾಯದ ಪಟ್ಟಿಯ ಹಾಗೆ ಕಾಣುವುದರಿಂದ ಕೈಗೆ ಏನಾಯಿತೆಂದು ಎಲ್ಲರೂ ವಿಚಾರಿಸತೊಡಗಿದರು, ಅಲ್ಲಿಗೆ ಅದನ್ನು ಬಿಟ್ಟೆ.

ಕೊನೆಗೆ ಲೇಸರ್. ಕಪ್ಪು ಶಾಯಿಯನ್ನು ಅಳಿಸಲು 1064 ನ್ಯಾನೊಮೀಟರ್ ತರಂಗಾಂತರದ ಲೇಸರ್ ಬಳಸುತ್ತಾರೆ. ನನ್ನದು ಗಾಢ ಕಂದು ಚರ್ಮವಾದ್ದರಿಂದ ಶಕ್ತಿಯನ್ನು ಕಡಿಮೆ ಇಟ್ಟು, ಎರಡು ಸರದಿಗಳ ನಡುವೆ ಎಂಟು ವಾರಕ್ಕೂ ಹೆಚ್ಚು ಅಂತರ ಬಿಟ್ಟು ಮಾಡಬೇಕಾಯಿತು. ಒಡೆದ ಶಾಯಿಯ ಕಣಗಳನ್ನು ಸಾಗಿಸುವುದು ದೇಹದ ರಕ್ಷಣಾ ಕೋಶಗಳ ಕೆಲಸವಾದ್ದರಿಂದ ಅವಸರ ಮಾಡಿ ಪ್ರಯೋಜನವಿಲ್ಲ. ಏಳೆಂಟು ಸರದಿಗಳಾದ ಮೇಲೂ ಮಸುಕು ನೆರಳೊಂದು ಉಳಿಯಿತು, ಅದರ ಸುತ್ತ ಚರ್ಮ ಸ್ವಲ್ಪ ಬಿಳಿಚಿಕೊಂಡಿತು. ಹಚ್ಚೆ ಹಾಕಿಸಲು ಕೊಟ್ಟ ಹಣದ ಹತ್ತು ಹನ್ನೆರಡು ಪಟ್ಟು ಅಳಿಸಲು ಕೊಟ್ಟು, ಅಷ್ಟಕ್ಕೇ ನಿಲ್ಲಿಸಿದೆ. ಉಳಿದ ನೆರಳು ಅಗಲವಾದ ಗಡಿಯಾರದ ಪಟ್ಟಿಯ ಕೆಳಗೆ ಇಂದಿಗೂ ಯಾರ ಕಣ್ಣಿಗೂ ಬೀಳದೆ ಕುಳಿತಿದೆ. ತೋಳುಗಳ ಚಿತ್ರಕ್ಕೆ ಕಪ್ಪು ಶಾಯಿಯನ್ನು ಮಾತ್ರ ಆರಿಸಿಕೊಳ್ಳಲು ಈ ಅನುಭವವೇ ಕಾರಣ: ಮುಂದೆಂದಾದರೂ ತೆಗೆಸಬೇಕಾಗಿ ಬಂದರೆ ಲೇಸರಿಗೆ ಹೆಚ್ಚು ಸುಲಭವಾಗಿ ಬಗ್ಗುವುದು ಕಪ್ಪೇ. ಹಸಿರು, ನೀಲಿಗಳು ಹಟಮಾರಿಗಳು. ಅವುಗಳಲ್ಲಿ ಬಹಳ ಬಳಕೆಯಲ್ಲಿದ್ದ ನೀಲಿ 15:3 ಮತ್ತು ಹಸಿರು 7 ಎಂಬ ವರ್ಣಕಗಳ ಮೇಲೆ ಯುರೋಪಿಯನ್ ಒಕ್ಕೂಟವು 2023ರಿಂದ ನಿರ್ಬಂಧವನ್ನೇ ಹೇರಿದೆ.

ಇನ್ನು ನನ್ನ ವಿಧಾನ. ಸೂಜಿ ಮುಟ್ಟಿಸುವ ಮೊದಲು ಹಚ್ಚೆಯ ಗಡಿಯನ್ನು ತಾತ್ಕಾಲಿಕ ಬಣ್ಣದಲ್ಲಿ ಬರೆದುಕೊಂಡು, ಅದೇ ತೋಳುಗಳೊಂದಿಗೆ ನಿಜವಾದ ಕಚೇರಿಯಲ್ಲಿ ನಿಜವಾದ ಕೆಲಸ ಮಾಡುತ್ತಾ ಎರಡು ವಾರ ಕಳೆಯುವುದೇ ಅದರ ತಿರುಳು. ಇದಕ್ಕೆ ನಾನು ಆರಿಸಿದ್ದು ಜಾಗುವಾ ಎಂಬ ಹಣ್ಣಿನ ರಸದ ಜೆಲ್. ಹಚ್ಚಿ ಕೆಲವು ಗಂಟೆ ಬಿಟ್ಟು ತೊಳೆದರೆ ಮೊದಲು ಏನೂ ಕಾಣುವುದಿಲ್ಲ. ಒಂದೆರಡು ದಿನಗಳಲ್ಲಿ ಅಚ್ಚ ನೀಲಿಗಪ್ಪಾಗಿ, ಹಳೆಯ ಹಚ್ಚೆಯೆಂದೇ ನಂಬುವಷ್ಟು ಹೊಂದಿಕೊಂಡು, ಹತ್ತು ಹದಿನೈದು ದಿನಗಳಲ್ಲಿ ಮಾಸುತ್ತದೆ. ಮೊದಲು ಚಿಕ್ಕ ಚುಕ್ಕೆಯಿಟ್ಟು ಅಲರ್ಜಿ ಇದೆಯೇ ಎಂದು ನೋಡಿಕೊಳ್ಳುವುದು ಕಡ್ಡಾಯ. ಅದರ ಬದಲು 'ಕಪ್ಪು ಮೆಹಂದಿ' ಎಂದು ಮಾರುವುದನ್ನು ಮಾತ್ರ ಯಾರೂ ಮುಟ್ಟಬಾರದು. ಅದರಲ್ಲಿ ಕೂದಲಿಗೆ ಹಚ್ಚುವ ಪಿಪಿಡಿ ಎಂಬ ರಾಸಾಯನಿಕವನ್ನು ಬೆರೆಸುವುದುಂಟು, ಚರ್ಮದ ಮೇಲೆ ಬೊಬ್ಬೆಗಳೆದ್ದು ಜೀವನಪೂರ್ತಿ ಅಲರ್ಜಿ ಉಳಿಯಬಹುದು.

ಮಣಿಕಟ್ಟಿನ ಮೂಳೆಯಿಂದ ಮೇಲಕ್ಕೆ ಐದು, ಏಳು ಮತ್ತು ಒಂಬತ್ತು ಸೆಂಟಿಮೀಟರ್ ದೂರದಲ್ಲಿ ಮೂರು ಬಳೆಗೆರೆಗಳನ್ನು ಎಳೆದೆ. ಮೊದಲನೆಯದು ಚುಕ್ಕೆಗಳ ಸಾಲು, ಎರಡನೆಯದು ಒಂಟಿ ಗೆರೆ, ಮೂರನೆಯದು ಜೋಡಿ ಗೆರೆ; ಯಾವುದು ಇಣುಕಿದರೂ ಒಂದೇ ನೋಟಕ್ಕೆ ಗುರುತು ಸಿಗಬೇಕೆಂಬುದು ಇದರ ಉದ್ದೇಶ. ಕೀಲಿಮಣೆಯ ಮುಂದೆ ಕಫ್ ಎರಡು ಸೆಂಟಿಮೀಟರಿನಷ್ಟು ಸರಿಯುತ್ತದೆ, ಕೈಕುಲುಕುವಾಗ ಮೂರು, ಮೇಜಿನ ಆಚೆ ಕುಳಿತವರಿಂದ ಕಡತ ತೆಗೆದುಕೊಳ್ಳುವಾಗ ಐದರವರೆಗೆ. ಇಷ್ಟನ್ನು ನಾನು ಊಹಿಸಿದ್ದೆ. ಊಹಿಸದೆ ಇದ್ದದ್ದು ವರ್ಷಾಂತ್ಯದ ದಾಸ್ತಾನು ಎಣಿಕೆಯನ್ನು. ಗೋದಾಮಿನಲ್ಲಿ ತಲೆಗಿಂತ ಎತ್ತರದ ಕಪಾಟಿನ ಪೆಟ್ಟಿಗೆಗಳ ಚೀಟಿ ಓದಲು ಎರಡೂ ಕೈ ಎತ್ತಿದಾಗ ಕಫ್ ಒಂಬತ್ತನ್ನೂ ದಾಟಿ ಜೋಡಿ ಗೆರೆ ಪೂರ್ತಿ ಹೊರಬಿತ್ತು, ಪಕ್ಕದಲ್ಲಿ ಗ್ರಾಹಕ ಕಂಪನಿಯ ಉಗ್ರಾಣಾಧಿಕಾರಿ ನಿಂತಿದ್ದರು. ಜಾಗುವಾ ಗೆರೆಯಾದ್ದರಿಂದ ಹತ್ತು ದಿನಗಳಲ್ಲಿ ಅದು ಮಾಸಿಹೋಯಿತು. ಅದೇ ಶಾಯಿಯ ಗೆರೆಯಾಗಿದ್ದರೆ ನಾನು ಪ್ರತಿ ವರ್ಷವೂ ಆ ಗೋದಾಮಿಗೆ ಹೆದರಬೇಕಿತ್ತು.

ಹತ್ತು ಸೆಂಟಿಮೀಟರ್ ಬಿಟ್ಟರೆ ಚಿತ್ರಕ್ಕೆ ಮುಂಗೈಯೇ ಉಳಿಯುವುದಿಲ್ಲ. ಪರಿಹಾರ ಸಿಕ್ಕಿದ್ದು ಹಚ್ಚೆಯವರಿಂದಲ್ಲ, ದರ್ಜಿಯಿಂದ. ಸಿದ್ಧ ಅಂಗಿಗಳಲ್ಲಿ ಕಂಕುಳಿನ ಕತ್ತರಿಕೆ ಬಹಳ ಕೆಳಗಿರುತ್ತದೆ, ಆದ್ದರಿಂದ ಕೈ ಎತ್ತಿದಾಗ ಇಡೀ ಅಂಗಿಯೇ ಮೇಲೆದ್ದು ತೋಳನ್ನು ಎಳೆದುಕೊಂಡು ಹೋಗುತ್ತದೆ. ಆ ಕತ್ತರಿಕೆಯನ್ನು ಮೇಲಕ್ಕೆ ತಂದು, ತೋಳಿನ ಉದ್ದವನ್ನು ಎರಡು ಸೆಂಟಿಮೀಟರ್ ಹೆಚ್ಚಿಸಿ, ಗಡಿಯಾರ ಹಿಡಿಸುವಷ್ಟೇ ಸಡಿಲವಿರುವಂತೆ ಕಫ್ಫನ್ನು ಬಿಗಿ ಮಾಡಿಸಿದ ಮೇಲೆ, ಅದೇ ಗೋದಾಮಿನ ಭಂಗಿಯಲ್ಲಿ ಕಫ್ ಐದೂವರೆ ಸೆಂಟಿಮೀಟರಿಗಿಂತ ಮೇಲೆ ಹೋಗಲಿಲ್ಲ. ತೋಳಿನ ಹೊಲಿಗೆಯಲ್ಲಿ ಮಾಡಿಸಿಕೊಂಡ ಇನ್ನೊಂದು ಸಣ್ಣ ಬದಲಾವಣೆ ಇದೆ. ಅದನ್ನು ಕಂಡುಹಿಡಿಯಲು ನನಗೆ ಬಹಳಷ್ಟು ಅಂಗಿಗಳು ಬೇಕಾದವು, ಅದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮತ್ತೊಮ್ಮೆ ಜಾಗುವಾ ಬರೆದು ಖಚಿತಪಡಿಸಿಕೊಂಡು ಗಡಿಯನ್ನು ಏಳು ಸೆಂಟಿಮೀಟರಿಗೆ ನಿಗದಿ ಮಾಡಿದೆ. ಜಾಗುವಾದ ಎಲ್ಲ ಪ್ರಯೋಗಗಳಿಗೆ ಸೇರಿ ಆದ ಖರ್ಚು ಒಂದು ಲೇಸರ್ ಸರದಿಯ ಕಾಲುಭಾಗವನ್ನೂ ಮುಟ್ಟಲಿಲ್ಲ.

ಅಂಗಿಯ ಬಟ್ಟೆಯ ವಿಚಾರವನ್ನೂ ಇಲ್ಲಿಯೇ ಹೇಳಿಬಿಡಬೇಕು. ಗಡಿ ಎಷ್ಟೇ ಸರಿಯಿದ್ದರೂ ತೆಳುವಾದ ಬಿಳಿ ಪಾಪ್ಲಿನ್ ಮೂಲಕ ಕಪ್ಪು ಚಿತ್ರ ಸ್ಪಷ್ಟವಾಗಿ ಕಾಣುತ್ತದೆ. ಕಾಗದದ ಮೇಲೆ ಒಂದು ಮಿಲಿಮೀಟರಿನಿಂದ ಒಂದು ಸೆಂಟಿಮೀಟರ್ ದಪ್ಪದವರೆಗೆ ಕಪ್ಪು ಪಟ್ಟಿಗಳನ್ನು ಮುದ್ರಿಸಿ, ಅದನ್ನು ತೋಳಿಗೆ ಸುತ್ತಿ, ಕಿಟಕಿಯ ಬೆಳಕಿನಲ್ಲಿ ಬಟ್ಟೆಯ ಮಾದರಿಗಳನ್ನು ಒಂದೊಂದಾಗಿ ಹೊದಿಸಿ ನೋಡಿದೆ. ಬಿಳಿ ಪಾಪ್ಲಿನ್‌ನಲ್ಲಿ ಸಣ್ಣ ಗೆರೆಯೂ ಕಂಡಿತು. ದಪ್ಪನೆಯ ಟ್ವಿಲ್ ಮತ್ತು ಆಕ್ಸ್‌ಫರ್ಡ್ ಬಟ್ಟೆಗಳಲ್ಲಿ ಅರ್ಧ ಸೆಂಟಿಮೀಟರಿನ ಪಟ್ಟಿಯೂ ಕರಗಿತು, ತಿಳಿನೀಲಿ ಬಣ್ಣ ಅದೇ ದಪ್ಪದ ಬಿಳಿಗಿಂತ ಎಷ್ಟೋ ಮೇಲು, ಸಣ್ಣ ಚೌಕುಳಿ ಇದ್ದರೆ ಕಣ್ಣು ಚಿತ್ರವನ್ನು ಹುಡುಕುವುದೇ ಇಲ್ಲ. ಅಂದಿನಿಂದ ನನ್ನ ಬಳಿ ತೆಳು ಬಿಳಿ ಅಂಗಿ ಒಂದೂ ಇಲ್ಲ.

ಕಲಾವಿದರ ತಕರಾರಿಗೆ ಉತ್ತರ ಕೊಡುವುದು ಬಾಕಿಯಿತ್ತು. ಗಡಿಯಲ್ಲಿ ಚಿತ್ರವನ್ನು ಕತ್ತರಿಸಿದಂತೆ ನಿಲ್ಲಿಸದೆ, ಕೊನೆಯ ನಾಲ್ಕು ಸೆಂಟಿಮೀಟರಿನಲ್ಲಿ ಚುಕ್ಕೆಗಳ ಒತ್ತು ಕ್ರಮೇಣ ವಿರಳವಾಗುತ್ತಾ ಚರ್ಮದಲ್ಲಿ ಲೀನವಾಗುವ ಹಾಗೆ ಬರೆಸಿದೆ. ಇದಕ್ಕೆ ಒಪ್ಪುವ ಕೈ ಸಿಗಲು ಮೂರ್ನಾಲ್ಕು ಜನರನ್ನು ಕೇಳಬೇಕಾಯಿತು. ಒಪ್ಪಿದವರು ಈಗ ಅದೇ ಅಂಚನ್ನು ಬೇರೆಯವರ ತೋಳುಗಳಿಗೂ ಬರೆಯುತ್ತಿದ್ದಾರೆಂಬುದು ನನಗೆ ಹೆಮ್ಮೆಯ ಸಂಗತಿ. ಎರಡು ತೋಳುಗಳಿಗೆ ಒಟ್ಟು ತಗುಲಿದ್ದು ಅಂದಿನ ನನ್ನ ಐದಾರು ತಿಂಗಳ ಸಂಬಳ, ನಾಲ್ಕು ವರ್ಷಗಳಲ್ಲಿ ಹಂಚಿಕೊಂಡು ಕೊಟ್ಟೆ.

ಕೆಲಸದ ಪಂಚಾಂಗ ನೋಡದೆ ಹಚ್ಚೆಯ ಸರದಿ ಗೊತ್ತುಮಾಡಬಾರದು. ಮೊದಲ ಎರಡು ದಿನ ಶಾಯಿ ಬೆರೆತ ದ್ರವ ಒಸರುತ್ತದೆ, ಆಮೇಲೆ ಎರಡು ಮೂರು ವಾರ ಹೊಟ್ಟು ಏಳುತ್ತದೆ; ಆಡಿಟ್ಟಿನ ಒತ್ತಡದ ತಿಂಗಳುಗಳಲ್ಲಿ ದಿನಕ್ಕೆ ಹದಿಮೂರು ಹದಿನಾಲ್ಕು ಗಂಟೆ ಅಂಗಿಯ ತೋಳಿನೊಳಗೆ ಅದು ಉಜ್ಜಿದರೆ ಬಣ್ಣ ಹರಿದು ಹೋಗುತ್ತದೆ. ಪಾರದರ್ಶಕ ಪಾಲಿಯುರೆಥೇನ್ ಪರೆಯನ್ನು ಅಂಟಿಸಿದರೆ ಸಾಕೆಂದು ಕೇಳಿ ಪ್ರಯತ್ನಿಸಿದೆ. ಮೊದಲ ದಿನ ಅದರೊಳಗೆ ತುಂಬಿಕೊಂಡ ದ್ರವ ಸಭೆಯ ಮಧ್ಯೆ ಅಂಚಿನಿಂದ ಸೋರಿತು, ಮೂರನೆಯ ದಿನಕ್ಕೆ ಅಂಟಿನಿಂದ ಚರ್ಮದ ಮೇಲೆ ಕೆಂಪು ದದ್ದುಗಳೆದ್ದವು. ಅಲ್ಲಿಂದ ಮುಂದೆ ವಾರಾಂತ್ಯಕ್ಕೆ ರಜೆ ಸೇರಿಸಿಕೊಂಡು, ವರದಿಗಳೆಲ್ಲ ಸಹಿಯಾದ ನಂತರದ ತಿಂಗಳುಗಳಲ್ಲಿ ಮಾತ್ರ ಸರದಿ ಇಟ್ಟುಕೊಂಡೆ, ಮೊದಲ ವಾರ ಗಾಢ ಬಣ್ಣದ ಸಡಿಲ ಅಂಗಿ ತೊಟ್ಟೆ.

ನಡುವೆ ಹಗಲಿನಲ್ಲಿ ಕಾಣದ, ನೇರಳಾತೀತ ದೀಪದಲ್ಲಿ ಮಾತ್ರ ಹೊಳೆಯುವ ಶಾಯಿಯನ್ನು ತೊಡೆಯ ಮೇಲೆ ನಾಣ್ಯದಷ್ಟು ಜಾಗದಲ್ಲಿ ಹಾಕಿಸಿ ನೋಡಿದೆ. ಶಾಯಿ ಕಾಣದಿದ್ದರೂ ಸೂಜಿಯ ಗುರುತು ತೆಳುವಾದ ಗಾಯದ ಗೆರೆಯಾಗಿ ಹಗಲಲ್ಲೂ ಕಾಣುತ್ತದೆ, ಎರಡು ವರ್ಷಕ್ಕೆ ಹೊಳಪೂ ಅರ್ಧವಾಯಿತು. ಕೈಗೆ ಅದನ್ನು ಹಾಕಿಸುವ ಯೋಚನೆಯನ್ನು ಅಲ್ಲಿಗೇ ಕೈಬಿಟ್ಟೆ.

ವೈದ್ಯರಿಗೆ ನನ್ನ ವಿಧಾನ ಒಗ್ಗುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಸೋಂಕು ತಡೆಗಾಗಿ ರೋಗಿಗಳನ್ನು ನೋಡುವಾಗ ಮೊಣಕೈ ಕೆಳಗೆ ಬರಿಗೈಯಾಗಿರಬೇಕೆಂಬ ನಿಯಮ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿದೆ, ಅಂಥ ಕಡೆ ಅಂಗಿಯ ಉದ್ದ ತೋಳೂ ಗಡಿಯಾರವೂ ಇಲ್ಲ. ಆದರೆ ಅವರಿಗೆ ಬೇರೆ ಬಲವಿದೆ: ಅಮೆರಿಕದ ತುರ್ತು ಚಿಕಿತ್ಸಾ ವಿಭಾಗವೊಂದರಲ್ಲಿ ವೈದ್ಯರು ಕೆಲವು ದಿನ ಹಚ್ಚೆ ತೋರಿಸಿ, ಕೆಲವು ದಿನ ತೋರಿಸದೆ ಕೆಲಸ ಮಾಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು, ರೋಗಿಗಳು ವೈದ್ಯರ ಸಾಮರ್ಥ್ಯವನ್ನು ಅಳೆದುದರಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ನನ್ನ ಮೇಲಧಿಕಾರಿಗೆ ನಾನೇ ಹೇಳಿದ್ದು ಎಂಟು ಒಂಬತ್ತು ವರ್ಷಗಳ ನಂತರ, ಅದೂ ಆ ವರ್ಷದ ಮೌಲ್ಯಮಾಪನ ಕೈಗೆ ಬಂದ ಮೇಲೆ. ಮೊದಲೇ ಹೇಳಿದ್ದರೆ ಅದು ಅನುಮತಿ ಕೇಳಿದಂತಾಗುತ್ತಿತ್ತು, ಬೇರೆಯವರಿಂದ ತಿಳಿದಿದ್ದರೆ ಬಚ್ಚಿಟ್ಟಂತಾಗುತ್ತಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಇಷ್ಟು ವರ್ಷ ತಮಗೆ ಹೇಗೆ ಗೊತ್ತಾಗಲಿಲ್ಲ ಎಂದಷ್ಟೇ ಕೇಳಿದರು. ಕತ್ತರಿಕೆಯ ವಿಷಯ ವಿವರಿಸಿದಾಗ ದರ್ಜಿಯ ವಿಳಾಸ ಪಡೆದುಕೊಂಡರು.

ಈಗ ಎಡಗಾಲಿನ ಕೆಲಸ ನಡೆದಿದೆ. ಕಾಲಮೇಲೆ ಕಾಲು ಹಾಕಿ ಕುಳಿತಾಗ ಪ್ಯಾಂಟು ಕಣಕಾಲಿನಿಂದ ಹದಿನೈದು ಹದಿನಾರು ಸೆಂಟಿಮೀಟರ್ ಮೇಲೇರುತ್ತದೆ, ಸಾಮಾನ್ಯ ಕಾಲುಚೀಲ ಅಷ್ಟು ಹೊತ್ತಿಗೆ ಜಾರಿರುತ್ತದೆ. ಮೊಣಕಾಲಿನ ಕೆಳಗಿನವರೆಗೆ ಬರುವ ಉದ್ದ ಕಾಲುಚೀಲ ಜಾರುವುದಿಲ್ಲ, ಆದರೆ ತೆಳುವಾಗಿದ್ದರೆ ಒಳಗಿನ ಕಪ್ಪು ಕಾಣುತ್ತದೆ. ಸದ್ಯಕ್ಕೆ ಮೂರು ಜಾಗುವಾ ಗೆರೆಗಳನ್ನು ಹಾಕಿಕೊಂಡು ನಾಲ್ಕು ಬಗೆಯ ಕಾಲುಚೀಲಗಳನ್ನು ಪರೀಕ್ಷಿಸುತ್ತಿದ್ದೇನೆ, ಅವುಗಳಲ್ಲಿ ಎರಡು ಈಗಾಗಲೇ ಸೋತಿವೆ.