ಶಿರಸಿಯಿಂದ ಹಂಪಿ, ಬಾದಾಮಿ: ಪ್ರವೇಶ ಟಿಕೆಟ್‌ನಲ್ಲಿ ದುಡ್ಡು ಉಳಿಸುವುದು ಹೇಗೆ

ಇಂಗ್ಲೆಂಡಿನಲ್ಲಿ ಮಕ್ಕಳಿರುವ ನಮ್ಮ ಕಡೆಯ ಮನೆಗಳಲ್ಲಿ ನ್ಯಾಷನಲ್ ಟ್ರಸ್ಟ್ ಸದಸ್ಯತ್ವದ ಮಾತು ಬಂದೇ ಬರುತ್ತದೆ. ವರ್ಷಕ್ಕೊಮ್ಮೆ ಹಣ ಕಟ್ಟಿದರೆ ಆ ಸಂಸ್ಥೆಯ ಹಳೇ ಬಂಗಲೆ, ತೋಟಗಳಿಗೆಲ್ಲ ಒಂದೇ ಕಾರ್ಡು. ನಮ್ಮ ಪುರಾತತ್ವ ಇಲಾಖೆಯ ಟಿಕೆಟ್ ಸ್ಥಳಕ್ಕೊಂದು, ದಿನಕ್ಕೊಂದು. ಹಾಗಾಗಿ ಹೊರಡುವ ಮುಂಚೆ ಎರಡು ಲೆಕ್ಕ ಮಾಡಿಕೊಳ್ಳಬೇಕು: ಜೊತೆಗೆ ಬರುವವರು ಯಾರು, ಯಾವ ಸ್ಥಳ ಯಾವ ದಿನ.

ಮೊದಲು ದರ. 2018ರ ಪರಿಷ್ಕರಣೆಯ ಪ್ರಕಾರ ಎರಡು ದರ್ಜೆಗಳಿವೆ. ವಿಶ್ವ ಪರಂಪರೆ ಪಟ್ಟಿಯಲ್ಲಿರುವ ಹಂಪಿ (1986) ಮತ್ತು ಪಟ್ಟದಕಲ್ಲು (1987) ಮೇಲಿನ ದರ್ಜೆ. ಭಾರತೀಯರಿಗೆ ನಗದು ಕೊಟ್ಟರೆ 40 ರೂಪಾಯಿ, ಆನ್‌ಲೈನ್‌ನಲ್ಲಿ 35. ಬಾದಾಮಿಯ ಗುಹೆಗಳು, ಐಹೊಳೆಯ ದುರ್ಗ ದೇವಾಲಯದ ಆವರಣ ಕೆಳಗಿನ ದರ್ಜೆ. ಅಲ್ಲಿ ನಗದು 25, ಆನ್‌ಲೈನ್ 20. ನಾಲ್ಕೂ ಕಡೆ ಸೇರಿ ಒಬ್ಬರಿಗೆ ನಗದಾದರೆ 130, ಆನ್‌ಲೈನ್ ಆದರೆ 110. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಬೇಡ, ವಿದೇಶಿ ಮಕ್ಕಳಿಗೂ ಅಷ್ಟೆ. ಹದಿಮೂರು–ಹದಿನಾಲ್ಕರ ಹುಡುಗರು ಎತ್ತರ ಬೆಳೆದಿದ್ದರೆ ಗೇಟಿನಲ್ಲಿ ಕೇಳುತ್ತಾರೆ, ಆಧಾರ್ ಅಥವಾ ಪಾಸ್‌ಪೋರ್ಟಿನ ಪ್ರತಿ ಕೈಯಲ್ಲಿರಲಿ.

ದೊಡ್ಡ ಮೊತ್ತ ಹೋಗುವುದು ಹೊರದೇಶದಿಂದ ಬಂದವರ ಟಿಕೆಟ್ಟಿಗೆ. ವಿದೇಶಿಯರಿಗೆ ಮೇಲಿನ ದರ್ಜೆಗೆ 600, ಕೆಳಗಿನದಕ್ಕೆ 300. ಇದೇ ನಾಲ್ಕು ಕಡೆ ಸುತ್ತಿದರೆ ಒಬ್ಬರಿಗೇ 1,800 ರೂಪಾಯಿ. ಅಮೆರಿಕದ ಪೌರತ್ವ ಪಡೆದ ಮಗ–ಸೊಸೆ ಊರಿಗೆ ಬಂದಾಗ ಎಷ್ಟೋ ಕುಟುಂಬಗಳು ಈ ಹಣ ಸುಮ್ಮನೆ ಕಟ್ಟಿಬಿಡುತ್ತವೆ. ಅವರ ಬಳಿ ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ನಮ್ಮ ಸರ್ಕಾರ ಕೊಡುವ ಕಾರ್ಡು) ಇದ್ದರೆ ಅದರ ಅಗತ್ಯವಿಲ್ಲ. ರಾಷ್ಟ್ರೀಯ ಸ್ಮಾರಕ, ಚಾರಿತ್ರಿಕ ಸ್ಥಳ, ಮ್ಯೂಸಿಯಂಗಳ ಪ್ರವೇಶ ಶುಲ್ಕದಲ್ಲಿ ಒಸಿಐ ಇರುವವರಿಗೂ ಭಾರತೀಯರಷ್ಟೇ ದರ ಎಂದು ಕೇಂದ್ರ ಗೃಹ ಸಚಿವಾಲಯದ 2021ರ ಮಾರ್ಚ್ ಅಧಿಸೂಚನೆಯಲ್ಲಿ ಸ್ಪಷ್ಟವಾಗಿದೆ. ಮೂಲ ಕಾರ್ಡನ್ನೇ ಒಯ್ಯಬೇಕು. ಮೊಬೈಲಿನ ಫೋಟೊ ತೋರಿಸಿದರೆ ವಾದ ಶುರುವಾಗುತ್ತದೆ, ಹಿಂದೆ ಸಾಲು ಬೆಳೆಯುತ್ತದೆ. ಇವರ ಟಿಕೆಟ್ ಮಾತ್ರ ನಾನು ಆನ್‌ಲೈನ್‌ನಲ್ಲಿ ತೆಗೆಯುವುದಿಲ್ಲ. ಕೌಂಟರಿನಲ್ಲಿ ಕಾರ್ಡು ಮುಂದಿಟ್ಟು, 40 ಕೊಟ್ಟು ಕಾಗದದ ಟಿಕೆಟ್ ಪಡೆದರೆ ಗೇಟಿನಲ್ಲಿ ಮತ್ತೆ ವಿವರಿಸುವ ಪ್ರಮೇಯ ಬರುವುದಿಲ್ಲ. ಐದು ರೂಪಾಯಿ ರಿಯಾಯಿತಿ ಹೋದರೂ 560 ಉಳಿಯುತ್ತದೆ.

ಮುಂಡಗೋಡದವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಸಾರ್ಕ್ ಮತ್ತು ಬಿಮ್‌ಸ್ಟೆಕ್ ಎಂಬ ನೆರೆಹೊರೆಯ ಒಕ್ಕೂಟಗಳ ದೇಶಗಳ ಪ್ರಜೆಗಳಿಗೂ ಭಾರತೀಯರ ದರವೇ. ಅಲ್ಲಿನ ಟಿಬೆಟನ್ ಬೌದ್ಧ ಮಠಗಳಿಗೆ ನೇಪಾಳ, ಭೂತಾನ್, ಥಾಯ್ಲೆಂಡ್‌ನಿಂದ ಬರುವ ಅತಿಥಿಗಳು ಪಾಸ್‌ಪೋರ್ಟ್ ತೋರಿಸಿದರೆ 40 ರೂಪಾಯಿಗೇ ಹಂಪಿ ನೋಡಬಹುದು.

ಆನ್‌ಲೈನ್ ಟಿಕೆಟ್‌ಗೆ ಇಲಾಖೆಯ ಜಾಲತಾಣದಲ್ಲಿ ಸ್ಥಳ, ದಿನಾಂಕ, ಹೆಸರು, ಗುರುತಿನ ಚೀಟಿಯ ಸಂಖ್ಯೆ ತುಂಬಿ ಹಣ ಕಟ್ಟಿದರೆ ಕ್ಯೂಆರ್ ಇರುವ ಟಿಕೆಟ್ ಬರುತ್ತದೆ. ಅದನ್ನು ಅಲ್ಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಗೇಟಿನ ಎದುರು ನೆಟ್‌ವರ್ಕ್ ನಂಬಬೇಡಿ. ದಿನಾಂಕ ಬದಲಿಸಲಾಗದು, ಹಣವೂ ವಾಪಸ್ ಬಾರದು. ಮಳೆಗಾಲದಲ್ಲಿ ಕುಮಟಾ, ಅಂಕೋಲಾ ಕಡೆಯಿಂದ ಹೊರಡುವವರು ಇದನ್ನು ನೆನಪಿಡಬೇಕು: ದೇವಿಮನೆ ಇಲ್ಲವೇ ಅರಬೈಲ್ ಘಟ್ಟದಲ್ಲಿ ಧರೆ ಕುಸಿದರೆ ಆ ದಿನದ ಟಿಕೆಟ್ಟೆಲ್ಲ ನೀರುಪಾಲು. ಘಟ್ಟ ಹತ್ತಿ ಹುಬ್ಬಳ್ಳಿ ಮುಟ್ಟಿದ ಮೇಲೆ ಬುಕ್ ಮಾಡಿದರೂ ತಡವೇನಿಲ್ಲ.

ಹಂಪಿಯ ಒಂದೇ ಟಿಕೆಟ್ಟಿನಲ್ಲಿ ಮೂರು ಜಾಗ ಸೇರಿವೆ: ವಿಜಯ ವಿಠ್ಠಲ ದೇವಾಲಯ, ಕಮಲ ಮಹಲ್ ಮತ್ತು ಗಜಶಾಲೆ ಇರುವ ಜನಾನಾ ಆವರಣ, ಕಮಲಾಪುರದ ಮ್ಯೂಸಿಯಂ. ಆದರೆ ಮೂರನ್ನೂ ಅದೇ ದಿನ ಮುಗಿಸಬೇಕು. ಇಂದು ಸಂಜೆ ಜನಾನಾ, ನಾಳೆ ಬೆಳಿಗ್ಗೆ ವಿಠ್ಠಲ ಎಂದು ಹಂಚಿದರೆ ಎರಡು ಸಲ ಟಿಕೆಟ್. ನನ್ನ ಕ್ರಮ ಇದು: ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ವಿಠ್ಠಲ, ಯಾಕೆಂದರೆ ಪಾರ್ಕಿಂಗ್‌ನಿಂದ ಹೋಗುವ ಬ್ಯಾಟರಿ ಗಾಡಿಗೆ ಹೊತ್ತೇರಿದ ಹಾಗೆ ಸಾಲು ಉದ್ದವಾಗುತ್ತದೆ. ಬಿಸಿಲೇರಿದಾಗ ಕಮಲಾಪುರದ ಮ್ಯೂಸಿಯಂ. ಅಲ್ಲಿ ಇಡೀ ಹಂಪಿಯ ಗುಡ್ಡ, ಹೊಳೆ, ದೇವಾಲಯಗಳನ್ನು ತೋರಿಸುವ ದೊಡ್ಡ ಮಾದರಿ ಇದೆ. ಅದರ ಸುತ್ತ ನಿಧಾನ ಒಂದು ಸುತ್ತು ಹಾಕಿದರೆ ಉಳಿದ ಜಾಗ ಹುಡುಕಲು ದಾರಿ ಕೇಳಬೇಕಿಲ್ಲ. ಬಿಸಿಲು ಇಳಿದ ಮೇಲೆ ಜನಾನಾ. ಹಜಾರ ರಾಮ, ಮಹಾನವಮಿ ದಿಬ್ಬ, ಉಗ್ರ ನರಸಿಂಹ, ಬಡವಿಲಿಂಗಕ್ಕೆ ಟಿಕೆಟ್ ಇಲ್ಲ, ಅವನ್ನು ಎರಡನೇ ದಿನಕ್ಕೆ ಇಡಿ. ಐಹೊಳೆಯಲ್ಲೂ ಹಾಗೆಯೇ: ದುರ್ಗ ದೇವಾಲಯದ ಆವರಣಕ್ಕೆ ಮಾತ್ರ ಟಿಕೆಟ್. ರಾವಣಫಡಿ, ಮೇಗುತಿ ಹಾಗೇ ನೋಡಬಹುದು.

ಏಪ್ರಿಲ್ 18ರ ವಿಶ್ವ ಪರಂಪರೆ ದಿನ ಮತ್ತು ನವೆಂಬರ್ 19ಕ್ಕೆ ಇಲಾಖೆ ಪ್ರವೇಶ ಉಚಿತ ಎಂದು ಘೋಷಿಸುವುದಿದೆ, ಮಾರ್ಚ್ 8ರಂದು ಮಹಿಳೆಯರಿಗೆ. ಆ ವರ್ಷದ ಪ್ರಕಟಣೆ ನೋಡಿಯೇ ಹೊರಡಬೇಕು. ಬರೀ ನಮ್ಮವರಷ್ಟೇ ಹೋಗುವುದಾದರೆ 35 ರೂಪಾಯಿಗಾಗಿ ಆ ಜನಜಂಗುಳಿಗೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಏಪ್ರಿಲ್‌ನ ಹಂಪಿಯಂತೂ ಕಾದ ಕಾವಲಿ. ಒಸಿಐ ಇಲ್ಲದ ವಿದೇಶಿ ಸ್ನೇಹಿತರು ಜೊತೆಗಿದ್ದರೆ ಮಾತ್ರ ನವೆಂಬರ್ 19 ಹಿಡಿಯುವುದು ಲಾಭ.

ಟಿಕೆಟ್‌ಗಿಂತ ಹೆಚ್ಚು ಉಳಿಯುವುದು ಬಸ್ಸಿನಲ್ಲಿ. ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ ಉಚಿತ. ಶಿರಸಿ–ಹುಬ್ಬಳ್ಳಿ, ಹುಬ್ಬಳ್ಳಿ–ಬಾದಾಮಿ ಎರಡಕ್ಕೂ ಇದೇ ಸಾಕು. ರಾಜಹಂಸ, ಸ್ಲೀಪರ್‌ಗೆ ನಡೆಯದು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು, ಶೂನ್ಯ ದರದ ಟಿಕೆಟ್ ಕೇಳಿ ಪಡೆಯಬೇಕು.

ಶುಕ್ರವಾರ ಮಾತ್ರ ತಪ್ಪಿಸಿ. ಇಲಾಖೆಯ ಮ್ಯೂಸಿಯಂಗಳಿಗೆ ಅಂದು ರಜೆ. ಕಮಲಾಪುರ, ಬಾದಾಮಿ, ಐಹೊಳೆ ಮೂರೂ ಕಡೆ ಬೀಗ. ಶುಕ್ರವಾರವೇ ಹೊರಡಬೇಕಾಗಿ ಬಂದರೆ ಆ ದಿನವನ್ನು ಬನವಾಸಿಯ ಮಧುಕೇಶ್ವರನಿಗೆ ಕೊಡಿ, ಕರಾವಳಿಯವರಾದರೆ ಭಟ್ಕಳದ ಕೇತಪೈ ನಾರಾಯಣ ದೇವಾಲಯಕ್ಕೆ ಅಥವಾ ಗೇರುಸೊಪ್ಪೆಯ ಚತುರ್ಮುಖ ಬಸದಿಗೆ. ಈ ಯಾವುದಕ್ಕೂ ಟಿಕೆಟ್ ಇಲ್ಲ, ಶನಿವಾರ ಬೆಳಿಗ್ಗೆ ಹುಬ್ಬಳ್ಳಿ ದಾರಿ ಹಿಡಿಯಬಹುದು.