ಕ್ಯಾಂಪಿನ ರೊಟ್ಟಿ, ಕುಕ್ಕರಿನ ಕೇಕು: ಕಡಿಮೆ ಖರ್ಚಿನಲ್ಲಿ ತಿನ್ನುವುದು, ಬೇಯಿಸುವುದು ಹೇಗೆ?

ಮಡಿಕೇರಿಯಲ್ಲಿ ಹೊರಗಡೆ ಊಟ ಅಂದರೆ ದುಬಾರಿ ಅಂತ ಇಲ್ಲಿಯವರೇ ಹೇಳುತ್ತಾರೆ. ಶನಿವಾರ, ಭಾನುವಾರ ಪ್ರವಾಸಿಗರು ತುಂಬಿದ ಹೋಟೆಲುಗಳ ಮೆನು ನೋಡಿದರೆ ಹಾಗನ್ನಿಸುವುದು ಸಹಜ. ಆದರೆ ಕೊಡವರು, ಅರೆಭಾಷೆ ಗೌಡರು, ಮಾಪಿಳ್ಳೆಗಳು, ಮಲಯಾಳಿಗಳು, ತುಳುವರು, ತಮಿಳರು ಎಲ್ಲರೂ ಇರುವ ಜಿಲ್ಲೆ ಇದು. ಕುಶಾಲನಗರದಿಂದ ಕಾವೇರಿ ಸೇತುವೆ ದಾಟಿದರೆ ಮೈಸೂರು ಜಿಲ್ಲೆಯ ಕೊಪ್ಪ, ಅಲ್ಲಿಂದ ಮುಂದೆ ಟಿಬೆಟಿಯನ್ನರ ಕ್ಯಾಂಪುಗಳಿರುವ ಬೈಲುಕುಪ್ಪೆ. ಇವರೆಲ್ಲ ದಿನಾ ತಿನ್ನುವ ತಿಂಡಿ ದುಬಾರಿ ಆಗಿದ್ದರೆ ನಡೆಯುವುದಿಲ್ಲ ಅಲ್ವಾ? ಅದು ಸಿಗುವ ಜಾಗ ಬೇರೆ, ಅಷ್ಟೆ.

ಇನ್ನೊಂದು ಮಾತು. ಹೊರಗೆ ತಿಂದು ಇಷ್ಟವಾದದ್ದನ್ನು ಮನೆಯಲ್ಲಿ ಮಾಡಿ ನೋಡುವ ಖುಷಿಯೇ ಬೇರೆ. ರೊಟ್ಟಿ, ಬ್ರೆಡ್ಡು, ಕೇಕು ಅಂದ ಕೂಡಲೇ ಓವನ್ ಇಲ್ಲವಲ್ಲ ಅಂತ ಹಿಂಜರಿಯುವವರು ಜಾಸ್ತಿ. ಓವನ್ ಬೇಕಿಲ್ಲ. ದಪ್ಪ ತಳದ ಕಾವಲಿ, ಒಂದು ಹಳೇ ಕುಕ್ಕರ್ ಇದ್ದರೆ ಸಾಕು. ಮೊದಲು ತಿನ್ನುವುದು, ಆಮೇಲೆ ಬೇಯಿಸುವುದು. ಈ ಕ್ರಮ ಮುಖ್ಯ. ರೊಟ್ಟಿಯ ಒಳಗು ಹೇಗಿರಬೇಕು, ಅಂಚು ಹೇಗಿರಬೇಕು ಅನ್ನುವುದು ಬಾಯಿಗೆ ಗೊತ್ತಿದ್ದರೆ ಕೈಗೆ ಬೇಗ ಬರುತ್ತದೆ.

ಮೊದಲ ಹೆಜ್ಜೆ: ಎಲ್ಲಿ, ಯಾವಾಗ ತಿನ್ನಬೇಕು

ವಾರದ ದಿನ ಹೋಗಿ. ಬಸ್ ನಿಲ್ದಾಣ, ಸಂತೆ, ಕಚೇರಿಗಳ ಹತ್ತಿರದ ಸಣ್ಣ ಹೋಟೆಲುಗಳಲ್ಲಿ ಅಲ್ಲಿಯ ಕೆಲಸಗಾರರೇ ತಿನ್ನುತ್ತಿರುತ್ತಾರೆ. ಅದೇ ಗುರುತು. ಮೆನು ಕಾರ್ಡ್ ಇಲ್ಲದ ಕಡೆ 'ಇವತ್ತು ಏನಿದೆ?' ಅಂತ ಕೇಳಿ. ಮಧ್ಯಾಹ್ನ ಹನ್ನೆರಡೂವರೆಯ ಒಳಗೆ ಹೋದರೆ ಎಲ್ಲವೂ ಬಿಸಿ ಇರುತ್ತದೆ, ಖಾಲಿಯೂ ಆಗಿರುವುದಿಲ್ಲ.

ಬೆಳಗ್ಗೆ ಮಲಯಾಳಿ ಹೋಟೆಲಿನ ಪುಟ್ಟು, ಕಡಲೆ ಕರಿ ತಿನ್ನಿ. ಅಕ್ಕಿ ಹಿಟ್ಟು, ತೆಂಗಿನತುರಿ, ಹಬೆ ಇಷ್ಟೇ ಅದರ ಬಂಡವಾಳ. ಹೊಟ್ಟೆ ಮಧ್ಯಾಹ್ನದವರೆಗೆ ಗಟ್ಟಿ ನಿಲ್ಲುತ್ತದೆ. ಸಂಜೆಗೆ ಚಹಾದ ಜೊತೆ ನೇಂದ್ರ ಬಾಳೆಯ ಬಜ್ಜಿ, ಪಳಂಪೊರಿ. ವಿರಾಜಪೇಟೆ ಕಡೆ ಹೋದರೆ ಪೊರೊಟ್ಟಾ ಹೊಡೆಯುವುದನ್ನು ನಿಂತು ನೋಡಿ. ಹಿಟ್ಟನ್ನು ಎಣ್ಣೆ ಹಚ್ಚಿ ಕಾಗದದಷ್ಟು ತೆಳ್ಳಗೆ ಬೀಸುತ್ತಾರೆ, ಮಡಚಿ ಸುತ್ತುತ್ತಾರೆ, ಬೆಂದ ಮೇಲೆ ಎರಡು ಕೈಯಲ್ಲಿ ಪಟಪಟ ಬಡಿದು ಪದರ ಬಿಡಿಸುತ್ತಾರೆ. ಪದರ ಅಂದರೇನು ಅಂತ ಅರ್ಥವಾಗಲು ಅದಕ್ಕಿಂತ ಒಳ್ಳೆ ಪಾಠವಿಲ್ಲ.

ಕೊಡವ ಊಟಕ್ಕೆ ಕಡಂಬುಟ್ಟು, ಪಂದಿ ಕರಿ (ಹಂದಿ ಮಾಂಸದ ಸಾರು) ಎಲ್ಲರೂ ಹೇಳುವ ಹೆಸರು. ಅಕ್ಕಿ ತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿಟ್ಟದ್ದೇ ಕಡಂಬುಟ್ಟು. ಪಂದಿ ಕರಿಯ ಕಪ್ಪು ಬಣ್ಣ, ಹುಳಿ ಎರಡರಲ್ಲೂ ಕಾಚಂಪುಳಿಯ, ಅಂದರೆ ಹುಳಿ ಹಣ್ಣಿನ ರಸ ಕುದಿಸಿ ಮಾಡುವ ಕೊಡಗಿನ ಕಪ್ಪು ವಿನೆಗರಿನ ಕೈ ಇದೆ. ಆದರೆ ರೊಟ್ಟಿ ಕಲಿಯಬೇಕು ಅನ್ನುವವರು ಅಕ್ಕಿ ಒಟ್ಟಿಯನ್ನು ಗಮನಿಸಬೇಕು. ಅನ್ನವನ್ನು ಚೆನ್ನಾಗಿ ಹಿಸುಕಿ, ಅಕ್ಕಿ ಹಿಟ್ಟು ಸೇರಿಸಿ ನಾದಿ, ತಟ್ಟಿ ಕಾವಲಿಯ ಮೇಲೆ ಹಾಕುತ್ತಾರೆ. ಆಮೇಲೆ ಕೆಂಡದ ಮೇಲೆ ಇಡುತ್ತಾರೆ. ಕ್ಷಣದಲ್ಲಿ ಅದು ಉಬ್ಬುತ್ತದೆ. ಒಳಗಿನ ನೀರು ಹಬೆಯಾಗಿ ಎರಡು ಪದರವನ್ನು ಎತ್ತಿಬಿಡುತ್ತದೆ. ಬೇಕಿಂಗಿನ ಮುಕ್ಕಾಲು ಗುಟ್ಟು ಇದೇ: ಹಿಟ್ಟಿನೊಳಗಿನ ಹಬೆ, ಗಾಳಿ ಉಬ್ಬಬೇಕು, ಅದು ಉಬ್ಬಿರುವಾಗಲೇ ಹೊರಗಿನ ಹಿಟ್ಟು ಬೆಂದು ಗಟ್ಟಿಯಾಗಬೇಕು.

ಎರಡನೇ ಹೆಜ್ಜೆ: ಬೈಲುಕುಪ್ಪೆಗೆ ಒಂದು ದಿನ

ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿಲೋಮೀಟರ್. ಬಸ್ಸಿಗೆ ಕೊರತೆಯಿಲ್ಲ. ಅಲ್ಲಿಂದ ಆಟೊ ಹಿಡಿದರೆ ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್, ಅಂದರೆ ನಾಮ್‌ಡ್ರೋಲಿಂಗ್ ಮಠದ ದೇಗುಲ. ಟಿಬೆಟಿಯನ್ನರ ಮೊದಲ ನೆಲೆ ಇಲ್ಲಿ ಶುರುವಾದದ್ದು 1960ರ ದಶಕದ ಆರಂಭದಲ್ಲಿ. ನಾಮ್‌ಡ್ರೋಲಿಂಗ್ ಮಠವನ್ನು ಟಿಬೆಟಿಯನ್ ಬೌದ್ಧ ಗುರು ಪೆನೊರ್ ರಿನ್‌ಪೋಚೆ 1963ರಲ್ಲಿ ಕಟ್ಟಲು ಶುರು ಮಾಡಿದರು. ಅಂದರೆ ಇಲ್ಲಿಯ ಅಡುಗೆಗೆ ಅರುವತ್ತು ವರ್ಷಗಳ ಬೇರು ಇದೆ. ಇಲ್ಲೇ ಹುಟ್ಟಿ ಬೆಳೆದ ಎಷ್ಟೋ ಟಿಬೆಟಿಯನ್ನರು ಚೆನ್ನಾಗಿ ಕನ್ನಡ ಮಾತಾಡುತ್ತಾರೆ. ಕೇಳಲು ಸಂಕೋಚ ಬೇಡ.

ದೇಗುಲದ ಎದುರಿನ ಸಾಲು ಅಂಗಡಿಗಳಲ್ಲಿ ತಿನ್ನಬಹುದು. ನನ್ನ ಸಲಹೆ ಕೇಳಿದರೆ ಕ್ಯಾಂಪಿನ ಒಳಗೆ ಸ್ವಲ್ಪ ನಡೆಯಿರಿ. ಮಠದ ಹುಡುಗರು, ಅಲ್ಲಿನ ಹಿರಿಯರು ಕೂತು ತಿನ್ನುವ ಸಣ್ಣ ಹೋಟೆಲು ಸಿಗುತ್ತದೆ. ಇಬ್ಬರು ಹೋದರೆ ಒಂದು ಬಟ್ಟಲು ಥುಕ್ಪಾ (ನೂಡಲ್ಸ್ ಸಾರು), ಒಂದು ಪ್ಲೇಟ್ ಮೊಮೊ ಹಂಚಿಕೊಳ್ಳಿ. ಎಲ್ಲರೂ ಮೊಮೊ ಒಂದನ್ನೇ ತಿಂದು ವಾಪಸ್ ಬರುತ್ತಾರೆ, ಅದು ನಷ್ಟ. ಥೆನ್‌ಥುಕ್ ಕೇಳಿ. ಹಿಟ್ಟನ್ನು ಕೈಯಲ್ಲೇ ಎಳೆದು, ಚಪ್ಪಟೆ ಚೂರು ಚೂರಾಗಿ ಹರಿದು ಕುದಿಯುವ ಸಾರಿಗೆ ಹಾಕಿದ್ದು. ಮಳೆಗಾಲದ ಚಳಿಗೆ ಹೇಳಿ ಮಾಡಿಸಿದ ಊಟ. ಖಾರ ಇಷ್ಟವಿದ್ದರೆ ಪಿಷ್ಟದಿಂದ ಮಾಡಿದ ಜಾರುವ ನೂಡಲ್ಸ್, ಲಾಫಿಂಗ್ ಇದೆ, ತಣ್ಣಗಿರುತ್ತದೆ, ನಾಲಿಗೆ ಸುಡುತ್ತದೆ. ಬೆಣ್ಣೆ ಚಹಾದಲ್ಲಿ ಉಪ್ಪು ಇರುತ್ತದೆ. ಸಿಹಿ ಚಹಾ ಅಂತ ಅಂದುಕೊಂಡು ಕುಡಿಯಬೇಡಿ, ತೆಳು ಸಾರು ಅಂತ ಅಂದುಕೊಂಡರೆ ರುಚಿಸುತ್ತದೆ.

ಮಾಂಸ ತಿನ್ನುವವರು ಯಾವ ಮಾಂಸ ಅಂತ ಮೊದಲೇ ಕೇಳಿಬಿಡಿ. ಟಿಬೆಟಿಯನ್ ಪಂಚಾಂಗದ ನಾಲ್ಕನೇ ತಿಂಗಳು ಸಾಗಾ ದಾವಾ, ಹೆಚ್ಚಾಗಿ ಮೇ, ಜೂನಿನಲ್ಲಿ ಬರುತ್ತದೆ. ಆಗ ಮಾಂಸ ಬಿಡುವವರು ತುಂಬಾ ಜನ. ಹೋಟೆಲಿನಲ್ಲೂ ಸಿಗದೇ ಇರಬಹುದು.

ಕೊನೆಯಲ್ಲಿ ಬಲೆಪ್ ಇದೆಯಾ ಅಂತ ಕೇಳಿ. ದಪ್ಪ, ದುಂಡಗಿನ ರೊಟ್ಟಿ. ಕೈಯಲ್ಲಿ ಮುರಿದು ನೋಡಿ. ಮೇಲೆ ಕಂದು ಚುಕ್ಕೆ, ಅಂಚಿನಲ್ಲಿ ಬಿಳಿ ಗೆರೆ, ಒಳಗೆ ಸಣ್ಣ ಸಣ್ಣ ತೂತು, ಚಪಾತಿಗಿಂತ ಮೆತ್ತಗೆ, ಬ್ರೆಡ್ಡಿಗಿಂತ ಗಟ್ಟಿ. ಮನೆಯಲ್ಲಿ ಮಾಡಬೇಕಾದದ್ದು ಇದನ್ನೇ.

ಮೂರನೇ ಹೆಜ್ಜೆ: ಕಾವಲಿಯ ಮೇಲೆ ಬಲೆಪ್

ಎರಡು ಕಪ್ ಮೈದಾ ತಗೊಳ್ಳಿ. ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟು ಆದರೂ ಆದೀತು, ಸ್ವಲ್ಪ ಗಟ್ಟಿಯಾಗುತ್ತದೆ. ಎರಡು ಚಹಾ ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಉಪ್ಪು ಹಾಕಿ ಒಣಗಿದ್ದಾಗಲೇ ಚೆನ್ನಾಗಿ ಬೆರೆಸಿ. ಮುಕ್ಕಾಲು ಕಪ್ ನೀರು ಹಾಕಿ ಕಲಸಿ. ಬೇಕಾದರೆ ಒಂದೊಂದೇ ಚಮಚ ನೀರು ಸೇರಿಸಿ. ಚಪಾತಿ ಹಿಟ್ಟಿಗಿಂತ ಮೆತ್ತಗಿರಬೇಕು, ಕೈಗೆ ಅಂಟಬಾರದು. ಐದು ನಿಮಿಷ ನಾದಿ, ಒದ್ದೆ ಬಟ್ಟೆ ಮುಚ್ಚಿ 20 ನಿಮಿಷ ಬಿಡಿ. ಈ ಬಿಡುವು ತಪ್ಪಿಸಬೇಡಿ. ಹಿಟ್ಟು ಸಡಿಲವಾಗದೆ ಲಟ್ಟಿಸಿದರೆ ರಬ್ಬರಿನ ಹಾಗೆ ಮುದುಡಿಕೊಳ್ಳುತ್ತದೆ.

ಎರಡು ಭಾಗ ಮಾಡಿ, ಕಿರುಬೆರಳಿನಷ್ಟು ದಪ್ಪಕ್ಕೆ ಲಟ್ಟಿಸಿ. ತೆಳ್ಳಗೆ ಮಾಡಲು ಹೋಗಬೇಡಿ. ಕಾವಲಿ ಕಾದ ಮೇಲೆ ಒಂದು ಹನಿ ಎಣ್ಣೆ ಸವರಿ, ರೊಟ್ಟಿ ಹಾಕಿ, ಉರಿ ಸಣ್ಣ ಮಾಡಿ ಮುಚ್ಚಳ ಮುಚ್ಚಿ. ಮುಚ್ಚಳವೇ ಇಲ್ಲಿ ಓವನ್. ಒಳಗೆ ಕೂಡಿಕೊಂಡ ಬಿಸಿ ಮೇಲ್ಭಾಗವನ್ನೂ ಬೇಯಿಸುತ್ತದೆ. ಆರೇಳು ನಿಮಿಷಕ್ಕೆ ಮೇಲೆ ಉಬ್ಬಿ, ಹಸಿ ಹೊಳಪು ಹೋಗಿರುತ್ತದೆ. ಆಗ ತಿರುಗಿಸಿ. ಇನ್ನೂ ಆರೇಳು ನಿಮಿಷ. ಬೆರಳಲ್ಲಿ ತಟ್ಟಿದರೆ ಟೊಳ್ಳು ಶಬ್ದ ಬರಬೇಕು. ಉರಿ ಜಾಸ್ತಿ ಇದ್ದರೆ ಹೊರಗೆ ಕಪ್ಪು, ಒಳಗೆ ಹಸಿ. ಅವಸರದವರಿಗೆ ಇದು ಆಗುವ ಕೆಲಸ ಅಲ್ಲ.

ಬಿಸಿ ಇರುವಾಗಲೇ ಬೆಣ್ಣೆ, ಕೊಡಗಿನ ಜೇನು ಹಚ್ಚಿ ತಿನ್ನಿ. ಕೋಳಿ ಸಾರಿಗೂ ಒಳ್ಳೇ ಜೋಡಿ.

ಯೀಸ್ಟ್ ಹಾಕಿ ಮಾಡುವ ಬಲೆಪ್ ಕೂಡ ಇದೆ, ಇನ್ನೂ ಹಗುರ. ಅದೇ ಎರಡು ಕಪ್ ಹಿಟ್ಟಿಗೆ ಬೇಕಿಂಗ್ ಪೌಡರ್ ಬದಲು ಒಂದು ಚಹಾ ಚಮಚ ಇನ್‌ಸ್ಟಂಟ್ ಯೀಸ್ಟ್, ಉಗುರು ಬೆಚ್ಚಗಿನ ನೀರು. ಹಿಟ್ಟು ಎರಡರಷ್ಟಾಗುವವರೆಗೆ ಕಾಯಬೇಕು. ಜುಲೈ ತಿಂಗಳ ಮಡಿಕೇರಿಯಲ್ಲಿ ಗಡಿಯಾರ ನೋಡಿ ಪ್ರಯೋಜನವಿಲ್ಲ, ಹಿಟ್ಟನ್ನೇ ನೋಡಿ. ಬಿಸಿನೀರಿನ ಪಾತ್ರೆಯ ಪಕ್ಕ ಇಟ್ಟು, ಎರಡಕ್ಕೂ ಸೇರಿಸಿ ದೊಡ್ಡ ಪಾತ್ರೆ ಕವುಚಿದರೆ ಬೇಗ ಏಳುತ್ತದೆ.

ನಾಲ್ಕನೇ ಹೆಜ್ಜೆ: ಕುಕ್ಕರನ್ನು ಓವನ್ ಮಾಡುವುದು

ಐದು ಲೀಟರಿನ ಅಥವಾ ಅದಕ್ಕಿಂತ ದೊಡ್ಡ, ಹೊರಗಿನಿಂದ ಮುಚ್ಚಳ ಹಾಕುವ ಹಳೇ ಕುಕ್ಕರನ್ನು ಇದಕ್ಕೇ ಮೀಸಲಿಡಿ. ದಿನಾ ಬಳಸುವ ಕುಕ್ಕರ್ ಬೇಡ, ಒಣ ಬಿಸಿಗೆ ಅದು ಹಾಳಾಗುತ್ತದೆ. ಗ್ಯಾಸ್ಕೆಟ್ ತೆಗೆಯಿರಿ, ವಿಷಲ್ ತೆಗೆಯಿರಿ. ಎರಡೂ ತೆಗೆಯಲೇಬೇಕು. ಒಳಗೆ ಒತ್ತಡ ಸೇರುವಂತೆಯೇ ಇಲ್ಲ. ನೀರು ಹಾಕಬೇಡಿ. ತಳಕ್ಕೆ ಒಂದೂವರೆ ಕಪ್ ಪುಡಿ ಉಪ್ಪು ಅಥವಾ ತೊಳೆದು ಒಣಗಿಸಿದ ಮರಳು ಹರಡಿ, ಅದರ ಮೇಲೆ ಪಾತ್ರೆ ಕೂರಿಸುವ ಸ್ಟ್ಯಾಂಡ್ ಇಡಿ. ಉಪ್ಪು ಬಿಸಿಯನ್ನು ಹಿಡಿದು ನಿಧಾನವಾಗಿ ಬಿಡುತ್ತದೆ, ಕೇಕಿನ ತಳ ಸೀಯುವುದಿಲ್ಲ. ಮುಚ್ಚಳ ಹಾಕಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಈ ಉಪ್ಪನ್ನು ಡಬ್ಬಿಯಲ್ಲಿ ತುಂಬಿಟ್ಟು ಮತ್ತೆ ಮತ್ತೆ ಬೇಕಿಂಗಿಗೇ ಬಳಸಿ, ಅಡುಗೆಗೆ ಬೇಡ.

ಐದನೇ ಹೆಜ್ಜೆ: ಬಾಳೆಹಣ್ಣಿನ ಕೇಕು

ಇಲ್ಲಿ ಎಷ್ಟೋ ಮನೆಯ ಹಿತ್ತಲಲ್ಲಿ ಬಾಳೆ ಇದೆ. ಇಲ್ಲದವರು ಮಡಿಕೇರಿಯ ಶುಕ್ರವಾರದ ಸಂತೆಗೆ ಸಂಜೆ ಹೊತ್ತು ಹೋಗಿ. ಸಿಪ್ಪೆ ಕಪ್ಪಾದ, ಯಾರೂ ಕೊಳ್ಳದ ಹಣ್ಣು ಕಡಿಮೆಗೆ ಸಿಗುತ್ತದೆ. ಕೇಕಿಗೆ ಬೇಕಾದದ್ದೇ ಅದು. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಹುರಿದ ಅಕ್ಕಿ ಹಿಟ್ಟಿಗೆ ಮಾಗಿದ ಬಾಳೆಹಣ್ಣು ಕಿವುಚಿ ತಂಬುಟ್ಟು ಮಾಡುತ್ತಾರೆ. ತುಪ್ಪ, ಎಳ್ಳು, ಕಾಯಿತುರಿ ಜೊತೆ ತಿಂದವರಿಗೆ ಆ ಪರಿಮಳ ಗೊತ್ತು. ಈ ಕೇಕಿಗೂ ನಾನು ಏಲಕ್ಕಿ ಬಿಟ್ಟು ಬೇರೆ ಎಸೆನ್ಸ್ ಹಾಕುವುದಿಲ್ಲ.

ಒಂದು ಕಪ್ ಆಗುವಷ್ಟು ಹಣ್ಣು ಕಿವುಚಿ. ಅದಕ್ಕೆ ಮುಕ್ಕಾಲು ಕಪ್ ಸಕ್ಕರೆ, ಅರ್ಧ ಕಪ್ ವಾಸನೆಯಿಲ್ಲದ ಎಣ್ಣೆ, ಎರಡು ಮೊಟ್ಟೆ ಹಾಕಿ ಸಕ್ಕರೆ ಕರಗುವವರೆಗೆ ಕಲಕಿ. ಬೇರೆ ಪಾತ್ರೆಯಲ್ಲಿ ಒಂದೂವರೆ ಕಪ್ ಮೈದಾ, ಒಂದು ಚಹಾ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ಐದಾರು ಏಲಕ್ಕಿಯ ಪುಡಿ ಸೇರಿಸಿ ಜರಡಿ ಹಿಡಿಯಿರಿ. ಎರಡನ್ನೂ ಸೇರಿಸಿ, ಒಣ ಹಿಟ್ಟು ಕಾಣದಂತಾದ ಕೂಡಲೇ ನಿಲ್ಲಿಸಿ. ಇನ್ನೂ ಕಲಕಿದರೆ ಕೇಕು ಗಟ್ಟಿಯಾಗುತ್ತದೆ.

ಮಡಿಕೇರಿಯವರಿಗೆ ಒಂದು ಸೂಚನೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ನೀರು ಕೂಡ 96 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಕೇಕು ಬೇಗ ಉಬ್ಬಿ, ಬೇಯುವ ಮೊದಲೇ ನಡುವೆ ಕುಸಿಯುವ ಸಾಧ್ಯತೆ ಇದೆ. ಹಾಗಾದರೆ ಮುಂದಿನ ಸಲ ಬೇಕಿಂಗ್ ಪೌಡರ್ ಸ್ವಲ್ಪ ಕಡಿಮೆ ಮಾಡಿ, ಎರಡು ಚಮಚ ಮೈದಾ ಹೆಚ್ಚಿಸಿ.

ಏಳು ಇಂಚಿನ ಡಬ್ಬಿಗೆ ಎಣ್ಣೆ ಸವರಿ ಹಿಟ್ಟು ಉದುರಿಸಿ, ಮಿಶ್ರಣವನ್ನು ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತುಂಬದಂತೆ ಸುರಿಯಿರಿ. ಡಬ್ಬಿಗೂ ಕುಕ್ಕರಿನ ಗೋಡೆಗೂ ಬೆರಳು ಹೋಗುವಷ್ಟು ಜಾಗ ಇರಲಿ, ಬಿಸಿ ಗಾಳಿ ಆಡಬೇಕು. ಇಕ್ಕಳದಲ್ಲಿ ಹಿಡಿದು ಒಳಗಿಡಿ, ಮುಚ್ಚಳ ಹಾಕಿ, ಉರಿ ಸಣ್ಣ ಮಾಡಿ. ಮೊದಲ ಅರ್ಧ ಗಂಟೆ ಮುಚ್ಚಳ ಮುಟ್ಟಲೇಬೇಡಿ. 45 ನಿಮಿಷಕ್ಕೆ ತೆಳ್ಳಗಿನ ಕಡ್ಡಿ ಚುಚ್ಚಿ ನೋಡಿ. ಹಸಿ ಹಿಟ್ಟು ಅಂಟಿದರೆ ಇನ್ನೂ ಹತ್ತು ನಿಮಿಷ. ಕುಕ್ಕರ್ ಕೇಕಿನ ಮೇಲ್ಭಾಗ ಬೇಕರಿಯದ್ದರಷ್ಟು ಕೆಂಪಾಗುವುದಿಲ್ಲ, ಮೇಲಿನಿಂದ ಬಿಸಿ ಕಡಿಮೆ. ಹಿಂದಿನವರು ಮುಚ್ಚಳದ ಮೇಲೆ ಕೆಂಡ ಇಡುತ್ತಿದ್ದದ್ದು ಅದಕ್ಕೇ. ಗ್ಯಾಸ್ ಒಲೆಯವರು ತಣ್ಣಗಾದ ಮೇಲೆ ಕವುಚಿ, ಕಂದು ಬಣ್ಣದ ತಳವನ್ನೇ ಮೇಲೆ ಮಾಡಿ ಬಡಿಸಿ.

ಒಮ್ಮೆ ಕೈಗೆ ಬಂದ ಮೇಲೆ ಬದಲಾಯಿಸುತ್ತಾ ಹೋಗಬಹುದು. ಚಳಿಗಾಲದಲ್ಲಿ ಕೊಡಗಿನ ಕಿತ್ತಳೆ ಸಿಕ್ಕಾಗ ಬಾಳೆಹಣ್ಣಿನ ಬದಲು ಮುಕ್ಕಾಲು ಕಪ್ ರಸ, ಜೊತೆಗೆ ಸಿಪ್ಪೆಯ ಹಳದಿ ಭಾಗದ ತುರಿ ಹಾಕಿ. ಬಿಳಿ ಭಾಗ ಕಹಿ, ಅದನ್ನು ಮುಟ್ಟಬೇಡಿ. ಕಾಫಿ ಇಷ್ಟದವರು ಬಾಳೆಹಣ್ಣಿನ ಮಿಶ್ರಣಕ್ಕೇ ಎರಡು ಚಮಚ ಗಟ್ಟಿ ಡಿಕಾಕ್ಷನ್ ಸೇರಿಸಿ.

ಇಟ್ಟು ತಿನ್ನುವುದು

ಮಳೆಗಾಲದ ತೇವಕ್ಕೆ ರೊಟ್ಟಿಗೂ ಕೇಕಿಗೂ ಬೂಸ್ಟು ಬೇಗ ಹಿಡಿಯುತ್ತದೆ. ಪೂರ್ತಿ ತಣ್ಣಗಾಗುವ ಮೊದಲು ಡಬ್ಬಿಗೆ ತುಂಬಬೇಡಿ, ಹಬೆ ನೀರಾಗಿ ಕೂರುತ್ತದೆ. ಬಲೆಪ್ ಆದರೆ ಬಟ್ಟೆಯಲ್ಲಿ ಸುತ್ತಿಟ್ಟು ಮಾರನೇ ದಿನದೊಳಗೆ ಮುಗಿಸಿ. ಕೇಕು ಎರಡು ದಿನ ಹೊರಗಿರಬಹುದು, ಆಮೇಲೆ ಫ್ರಿಜ್. ಒಣಗಿದ ಕೇಕಿನ ಹೋಳನ್ನು ಕಾವಲಿಯ ಮೇಲೆ ತುಪ್ಪ ಹಾಕಿ ಎರಡೂ ಬದಿ ಕೆಂಪಗೆ ಮಾಡಿ, ಸಂಜೆ ಕಾಫಿಗೆ ಕೊಡಿ. ಹೊಸದಕ್ಕಿಂತ ಇದೇ ಬೇಕು ಅನ್ನುವ ಮಕ್ಕಳಿದ್ದಾರೆ.