ಬೆಳೆ ಹಾನಿ ಪರಿಹಾರ: ಬಿತ್ತನೆಯ ದಿನಗಳಲ್ಲೇ ನೋಡಿಕೊಳ್ಳಬೇಕಾದ ದಾಖಲೆಗಳು

ಹೊಲದಲ್ಲಿ ನೀರು ನಿಂತು ತೊಗರಿ ಕೊಳೆಯಲು ತೊಡಗಿದ ಮೇಲೆ ಪಹಣಿ ಹಿಡಿದು ಕಚೇರಿಗೆ ಓಡುವ ರೈತರನ್ನು ನಾನು ಪ್ರತಿ ಮಳೆಗಾಲದಲ್ಲೂ ನೋಡುತ್ತೇನೆ. ಅವರಲ್ಲಿ ಹಲವರ ಪರಿಹಾರ ತಪ್ಪಿಹೋಗಲು ಕಾರಣವಾದ ದಾಖಲೆಯ ದೋಷ ಬಿತ್ತನೆಗೆ ಮೊದಲೇ ಇದ್ದಿರುತ್ತದೆ.

ಮೊದಲು ಎಷ್ಟು ಹಣ ಸಿಗಬೇಕೆಂಬ ಲೆಕ್ಕ ತಿಳಿದಿರಲಿ. 2022-23ರಿಂದ 2025-26ರವರೆಗಿನ ವಿಪತ್ತು ಪರಿಹಾರ ನಿಧಿಯ ಮಾನದಂಡದಂತೆ, ಬೆಳೆ ಶೇ 33ರಷ್ಟು ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದ್ದರೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಒಬ್ಬರಿಗೆ ಗರಿಷ್ಠ ಎರಡು ಹೆಕ್ಟೇರ್. 2025ರ ಅತಿವೃಷ್ಟಿಯ ನಂತರ ರಾಜ್ಯ ಸರ್ಕಾರ ಇದರ ಮೇಲೆ ಹೆಕ್ಟೇರಿಗೆ ಇನ್ನೂ 8,500 ರೂಪಾಯಿ ಘೋಷಿಸಿತು. ಇದು ಬೆಳೆ ವಿಮೆಯಲ್ಲ. ಕಂತು ಕಟ್ಟದವರಿಗೂ ಸಲ್ಲುತ್ತದೆ.

ಎರಡನೆಯದು ರೈತರ ಮತ್ತು ಅವರ ಜಮೀನಿನ ವಿವರ ಇರುವ ಸರ್ಕಾರಿ ತಂತ್ರಾಂಶ ಫ್ರೂಟ್ಸ್‌ನಲ್ಲಿ ನೋಂದಣಿ; ಅದರಿಂದ ಸಿಗುವ ರೈತರ ಗುರುತಿನ ಸಂಖ್ಯೆಯೇ ಎಫ್‌ಐಡಿ. ಹೆಚ್ಚು ಜನ ಎಡವುವುದು ಇಲ್ಲೇ. ಎಫ್‌ಐಡಿ ಸಂಖ್ಯೆ ಇದ್ದ ಮಾತ್ರಕ್ಕೆ ಸಾಲದು. ನಿಮ್ಮ ಪ್ರತಿಯೊಂದು ಸರ್ವೆ ನಂಬರೂ, ಹಿಸ್ಸಾ ಸಹಿತ, ಅದರೊಳಗೆ ಸೇರಿರಬೇಕು. ನಮ್ಮ ಪಕ್ಕದ ಹೊಲದವರಿಗೆ ಮಳೆಯಾಶ್ರಿತ ಜಮೀನು ಮೂರು ಎಕರೆ ಇಪ್ಪತ್ತು ಗುಂಟೆ, ಎರಡು ಸರ್ವೆ ನಂಬರುಗಳಲ್ಲಿದೆ. ಒಂದು ಎಕರೆ ಹತ್ತು ಗುಂಟೆಯ ತುಂಡು ಎಫ್‌ಐಡಿಯಲ್ಲಿ ಇರಲೇ ಇಲ್ಲ. ಹನ್ನೆರಡು ಸಾವಿರ ಬರಬೇಕಾದಲ್ಲಿ ಏಳು ಸಾವಿರದ ಏಳುನೂರು ಚಿಲ್ಲರೆ ಬಂತು, ಸುಮಾರು 4,300 ರೂಪಾಯಿ ಕೈಬಿಟ್ಟಿತು. ಆದ್ದರಿಂದ ಪಹಣಿಗಳನ್ನೆಲ್ಲ ಹರಡಿಕೊಂಡು, ಎಫ್‌ಐಡಿ ವಿವರದೊಂದಿಗೆ ಒಂದೊಂದೇ ನಂಬರನ್ನು ಬೆರಳಿಟ್ಟು ತಾಳೆ ನೋಡಿ. ಬಿಟ್ಟುಹೋದದ್ದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಸೇರಿಸಿ. ಪಹಣಿಯಲ್ಲಿ ಬಸಪ್ಪ, ಆಧಾರ್‌ನಲ್ಲಿ ಬಸವರಾಜ ಎಂದಿದ್ದರೆ ಹೆಸರಿನ ವ್ಯತ್ಯಾಸವನ್ನೂ ಆಗಲೇ ಸರಿಪಡಿಸಿ. ಪಹಣಿ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲಿದ್ದರೆ ಮೊದಲು ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿ. ಅಣ್ಣತಮ್ಮಂದಿರ ಮನಸ್ತಾಪಕ್ಕಾಗಿ ಇದನ್ನು ಮುಂದೂಡಿ ಬಂದ ಪರಿಹಾರವನ್ನೆಲ್ಲ ಕಳೆದುಕೊಂಡ ಮನೆಗಳನ್ನು ಕಂಡಿದ್ದೇನೆ. ಈ ಕೆಲಸ ನಾನು ಮಾಡಿಸಿಕೊಡುತ್ತೇನೆಂದು ಐನೂರು ರೂಪಾಯಿ ಕೇಳುವವರಿಗೆ ಆಧಾರ್ ಪ್ರತಿಯನ್ನಾಗಲಿ, ಮೊಬೈಲಿಗೆ ಬಂದ ಒಟಿಪಿಯನ್ನಾಗಲಿ ದಯವಿಟ್ಟು ಕೊಡಬೇಡಿ.

ಮೂರನೆಯದು ಬೆಳೆ ಸಮೀಕ್ಷೆ. ನಿಮ್ಮ ಹೊಲದಲ್ಲಿ ತೊಗರಿ ಇದ್ದು ಸಮೀಕ್ಷೆಯಲ್ಲಿ ಹೆಸರುಕಾಳು ಅಥವಾ ಬೀಳು ಎಂದು ದಾಖಲಾಗಿದ್ದರೆ ಹಾನಿಯ ಲೆಕ್ಕವೇ ತಪ್ಪುತ್ತದೆ. ಸಾಧ್ಯವಾದರೆ ರೈತರ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಹೊಲದಲ್ಲೇ ನಿಂತು ನೀವೇ ದಾಖಲಿಸಿ; ಬೇರೆಯವರು ಮಾಡಿದ್ದರೆ ಬೆಳೆ ದರ್ಶಕ್ ಆ್ಯಪ್‌ನಲ್ಲಿ ಪರಿಶೀಲಿಸಿ, ತಪ್ಪಿದ್ದರೆ ಅವಧಿ ಮುಗಿಯುವ ಮೊದಲೇ ಆಕ್ಷೇಪಣೆ ಸಲ್ಲಿಸಿ. ಮಿಶ್ರ ಬೆಳೆ ಇದ್ದರೆ ಎರಡೂ ದಾಖಲಾಗಿವೆಯೇ ಎಂದು ನೋಡಿ.

ಹಾನಿಯಾದ ಮೇಲೆ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ, ಕಂದಾಯ ಮತ್ತು ಕೃಷಿ ಅಥವಾ ತೋಟಗಾರಿಕೆ ಇಲಾಖೆಯವರ ಜಂಟಿ ಸಮೀಕ್ಷೆಯ ದಿನ ಹೊಲದಲ್ಲಿರಿ.

ಹಣ ಬರುವ ದಾರಿಯಲ್ಲಿ ಇನ್ನೊಂದು ತೊಡಕಿದೆ. ಪರಿಹಾರ ಜಮೆಯಾಗುವುದು ಆಧಾರ್ ಜೋಡಣೆಯಾಗಿರುವ ಬ್ಯಾಂಕ್ ಖಾತೆಗೆ. ಬೇರೆಡೆ ಹೊಸ ಖಾತೆ ತೆರೆದು ಬೆರಳಚ್ಚು ಕೊಟ್ಟಾಗ ಈ ಜೋಡಣೆ ಅಲ್ಲಿಗೆ ಬದಲಾಗಿರಬಹುದು. ಹಣ ಬಂದಿಲ್ಲವೆಂದು ಹಳೆಯ ಪಾಸ್‌ಬುಕ್ಕನ್ನೇ ತಿರುವಿಹಾಕುತ್ತಿದ್ದ ವೃದ್ಧೆಯೊಬ್ಬರ ಹಣ, ಅವರೇ ಮರೆತಿದ್ದ ಇನ್ನೊಂದು ಖಾತೆಯಲ್ಲಿತ್ತು. ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂಬುದನ್ನು ಆಧಾರ್ ಜಾಲತಾಣದಲ್ಲೇ ನೋಡಬಹುದು. ನನ್ನ ಸಲಹೆಯೆಂದರೆ, ಸರ್ಕಾರದ ಹಣಕ್ಕೆಂದು ಒಂದೇ ಖಾತೆ ಇಟ್ಟುಕೊಳ್ಳಿ.

ಪಾವತಿಯ ಸ್ಥಿತಿ ಕಂದಾಯ ಇಲಾಖೆಯ ‘ಪರಿಹಾರ’ ಎಂಬ ತಂತ್ರಾಂಶದ ಜಾಲಪುಟದಲ್ಲಿ ಸಿಗುತ್ತದೆ. ಹೆಸರಿಲ್ಲದಿದ್ದರೆ ಪಹಣಿ, ಎಫ್‌ಐಡಿ ಮತ್ತು ಬೆಳೆ ಸಮೀಕ್ಷೆಯ ಪ್ರತಿಗಳೊಂದಿಗೆ ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಟ್ಟು, ದಿನಾಂಕ ಮತ್ತು ಮೊಹರಿರುವ ಸ್ವೀಕೃತಿಯನ್ನು ಪಡೆದೇ ಕಚೇರಿಯಿಂದ ಹೊರಡಿ.